ದಿಂಬಣ್ಣನ ನಡಿಗೆ

ದಿಂಬಣ್ಣ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನು ಹಿರಿಯ ಗುಮಾಸ್ತ. ಕೂರುವುದಕ್ಕೊಂದು, ಒರಗುವುದಕ್ಕೊಂದು ಎಂದು ಮನೆಯಿಂದ ಎರಡು ದಿಂಬು ತಂದಿಟ್ಟುಕೊಂಡಿದ್ದ. ನಲ್ಲಿ ಒಡೆದು ಬೀದಿಯೆಲ್ಲ ಕೆರೆಯಾಗಿದೆ ಎಂದು ಜನ ಓಡಿಬಂದರೂ ದಿಂಬಣ್ಣ ಮಿಸುಕುವ ಪೈಕಿಯಲ್ಲ. ಅರ್ಜಿಯೇ ಅವನ ಕೈಯವರೆಗೆ ಬರಬೇಕು. ಮೇಜಿನ ಎಡಖಾನೆಯಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ, ಬಲಖಾನೆಯಲ್ಲಿ ಬಿಸ್ಕತ್ತು, ಎರಡರ ನಡುವೆ ಸಾರ್ವಜನಿಕರ ಸಂಕಟ. ಹೀಗೆ ಇಪ್ಪತ್ತೈದು ವರ್ಷ ಸುಖವಾಗಿ ಕಳೆದಿತ್ತು.

ಆ ವರ್ಷ ಕಚೇರಿಯ ಗ್ರಹಚಾರ ಕೆಟ್ಟಿತು. ಲೆಕ್ಕ ವಿಭಾಗದವನೊಬ್ಬ ಊಟದ ಡಬ್ಬಿ ಮುಚ್ಚುತ್ತಿದ್ದಂತೆ ಎದೆ ಹಿಡಿದುಕೊಂಡು ಮೇಜಿನ ಮೇಲೆ ಒರಗಿದವನು ಮತ್ತೆ ಏಳಲಿಲ್ಲ. ಅವನನ್ನು ಕಳಿಸಿಕೊಟ್ಟು ಬರುವಷ್ಟರಲ್ಲಿ, ಹಗಲೂ ರಾತ್ರಿ ತಂಬಾಕು ಜಗಿಯುತ್ತಿದ್ದ ಖಜಾಂಚಿಗೆ ಗಂಟಲ ಕ್ಯಾನ್ಸರ್ ಎಂದು ಸುದ್ದಿ ಬಂತು. ಮೇಲಧಿಕಾರಿಗಳಿಗೆ ದಿಗಿಲಾಯಿತು. ದಿಗಿಲಾದಾಗ ಅಧಿಕಾರಿಗಳು ಮಾಡುವ ಕೆಲಸ ಗೊತ್ತಲ್ಲ, ಒಂದು ಸ್ಪರ್ಧೆ ಏರ್ಪಡಿಸಿದರು. ಎಲ್ಲರ ಕೈಗೂ ಒಂದೊಂದು ರಬ್ಬರ್ ಪಟ್ಟಿ. ಇಟ್ಟ ಹೆಜ್ಜೆ, ಬಡಿದ ನಾಡಿ ಎರಡನ್ನೂ ಅದು ಎಣಿಸಿ ನೇರವಾಗಿ ಕಚೇರಿಯ ಡಾಕ್ಟರ ಕಂಪ್ಯೂಟರಿಗೆ ಕಳಿಸುತ್ತದೆ. ಮೂರು ತಿಂಗಳಲ್ಲಿ ಯಾರು ಹೆಚ್ಚು ನಡೆಯುತ್ತಾರೋ ಅವರಿಗೆ ಟ್ರೋಫಿ.

ಯಾರು ಎಷ್ಟು ನಡೆದರೆಂಬ ಮೊದಲ ವಾರದ ಹೆಸರುಪಟ್ಟಿ ಕ್ಯಾಂಟೀನಿನ ಗೋಡೆಗೆ ಅಂಟಿದಾಗ ದಿಂಬಣ್ಣನ ಹೆಸರು ಎಲ್ಲರಿಗಿಂತ ಕೆಳಗಿತ್ತು. ಖಜಾಂಚಿ ಆಸ್ಪತ್ರೆಯಲ್ಲಿ ಮಲಗಿದ್ದವನು. ಅವನೂ ವರಾಂಡದಲ್ಲಿ ಅಡ್ಡಾಡಿ ಇವನಿಗಿಂತ ಮೇಲಿದ್ದ. ಕ್ಯಾಂಟೀನಿನವನು ಚಹಾ ಇಡುತ್ತಾ, "ಏನ್ ಸಾರ್, ಪಟ್ಟೀನ ಕೈಗೆ ಕಟ್ಕೊಂಡ್ರೋ ಕುರ್ಚಿಗೆ ಕಟ್ಟಿದ್ರೋ?" ಎಂದ. ಮರ್ಯಾದೆ ಮೂರುಕಾಸಿಗೆ ಹೋಯಿತು.

ಆ ಭಾನುವಾರ ಸ್ನಾನಕ್ಕೆ ಹೋಗುವಾಗ ಪಟ್ಟಿಯನ್ನು ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ನೀರು ತಾಗೀತೆಂದು ಹೆಂಡತಿ ಅದನ್ನೆತ್ತಿ ತನ್ನ ಕೈಗೆ ಸಿಕ್ಕಿಸಿಕೊಂಡಳು, ಕೆಲಸದ ಗಡಿಬಿಡಿಯಲ್ಲಿ ಮರೆತಳು. ಸಂಜೆ ನೋಡಿದರೆ ದಿಂಬಣ್ಣ ಒಂದು ವಾರದಲ್ಲಿ ನಡೆಯದಷ್ಟು ಹೆಜ್ಜೆ ಒಂದೇ ದಿನಕ್ಕೆ ಬಿದ್ದಿತ್ತು!

ಬೀಳದೆ ಏನು? ಆ ಹೆಂಗಸು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹತ್ತಬೇಕು, ಹಾಲು ತರಕಾರಿಗೆ ಬೀದಿಗಿಳಿಯಬೇಕು. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಆಕೆಗೆ ಬೇಕಾದಾಗಲೆಲ್ಲ ಮಂಚದ ಕಾಲಿಗೆ ಲೋಟ ಬಡಿಯುತ್ತಾಳೆ. ಮುಂಕೋಣೆಯಲ್ಲಿ ಲೋಟವಿಲ್ಲದೆ ಬರೀ ಬಾಯಲ್ಲೇ ಬಡಿದುಕೊಳ್ಳುವ ಗಂಡ.

"ನೀನೇ ಕಟ್ಕೊಂಡಿರು. ಹೇಗೂ ಸುಮ್ನೆ ಓಡಾಡ್ತಿರ್ತೀಯಲ್ಲ," ಎಂದ ದಿಂಬಣ್ಣ.

"ಇದೇನ್ರೀ, ಮೋಸ ಅಲ್ವಾ?"

"ಗಂಡ ಹೆಂಡತಿ ಅಂದ್ಮೇಲೆ ನಿಂದೇನು ನಂದೇನು?"

ಸಂಸಾರದ ಗುಟ್ಟನ್ನು ಇಷ್ಟು ಚೆನ್ನಾಗಿ ಅರಿತವರು ಅಪರೂಪ. ಕಚೇರಿಯಲ್ಲಿ ಬರಿಗೈ ಕಂಡು ಕೇಳಿದವರಿಗೆ, "ಕೈಗೆ ಕಟ್ಟಿದ್ರೆ ನನಗೆ ನವೆ ಕಣ್ರೀ, ಕಾಲಿಗೆ ಕಟ್ಟಿದೀನಿ," ಎಂದು ಕಾಲುಚೀಲ ತೋರಿಸಿದ. ಹಿರಿಯ ಗುಮಾಸ್ತನ ಕಾಲುಚೀಲ ಬಿಚ್ಚಿಸಿ ನೋಡುವ ಧೈರ್ಯ ಯಾರಿಗಿದೆ?

ಗೋಡೆಯ ಹೆಸರುಪಟ್ಟಿಯಲ್ಲಿ ದಿಂಬಣ್ಣ ಮೇಲೇರಿದ್ದೇ ಏರಿದ್ದು. ಏರಿದಂತೆ ನಾಲಿಗೆಯೂ ಉದ್ದವಾಯಿತು. ಬಾಯಿಗೆ ಕಡಲೆಕಾಯಿ ಎಸೆದುಕೊಳ್ಳುತ್ತಾ, "ಎಣ್ಣೆ ಬಿಡಿ, ಉಪ್ಪು ಬಿಡಿ, ನಡೀರಿ," ಎಂದು ದೂರು ಕೊಡಲು ಬಂದವರಿಗೂ ಉಪದೇಶ ಶುರುಮಾಡಿದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುವುದು ಇಂಥವರನ್ನು ಕಂಡೇ. ಆಸ್ಪತ್ರೆಗೆ ಹೋಗಿ ಖಜಾಂಚಿಯ ಮಂಚದ ಪಕ್ಕದಲ್ಲಿ ಕೂತು, "ನನ್ನ ಹಾಗೆ ಶಿಸ್ತಾಗಿ ಬದುಕಿದ್ರೆ ನಿಮಗೆ ಈ ಗತಿ ಬರ್ತಿತ್ತಾ?" ಎಂದು ಕೇಳಿದ. ಗಂಟಲಿಗೆ ಕೊಳವೆ ಹಾಕಿಸಿಕೊಂಡಿದ್ದ ಆ ಪುಣ್ಯಾತ್ಮ ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದ.

ಒಂದು ಸಂಜೆ ದಿಂಬಣ್ಣ ಕಚೇರಿಯಿಂದ ಬರುವಾಗ ಹೆಂಡತಿ ಎರಡನೇ ಮಹಡಿಯ ತಿರುವಿನಲ್ಲಿ ತರಕಾರಿ ಚೀಲ ಕೆಳಗಿಟ್ಟು, ಎದೆಯ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಹಣೆಯೆಲ್ಲ ಬೆವರು.

"ಯಾಕೆ ನಿಂತ್ಕೊಂಡೆ?"

"ಯಾಕೋ ಎದೆ ಡವಡವ ಅಂತಿದೆ. ಒಂದು ಗಳಿಗೆ ತಡೀರಿ."

"ನಿಂತ್ಕೊಂಡ್ರೆ ಎಣಿಕೆ ನಿಂತುಹೋಗುತ್ತೆ ಕಣೇ," ಎಂದ ದಿಂಬಣ್ಣ. ಚೀಲವನ್ನಾದರೂ ಎತ್ತಿಕೊಂಡನೇ ಎಂದು ಕೇಳಬೇಡಿ, ನನಗೆ ಸಿಟ್ಟು ಬರುತ್ತದೆ.

ಮೂರು ತಿಂಗಳು ತುಂಬಿ, ದಿಂಬಣ್ಣನಿಗೆ ಪ್ರಥಮ ಬಹುಮಾನ ಬಂತು. ಹಾರ ಹಾಕಿಸಿಕೊಂಡು, ಟ್ರೋಫಿ ಹಿಡಿದು, ಆರೋಗ್ಯವೇ ಭಾಗ್ಯ ಎಂದು ಭಾಷಣವನ್ನೂ ಬಿಗಿದ. ಮನೆಯಲ್ಲಿ ಅದು ಗಾಜಿನ ಕಪಾಟಿನ ನಟ್ಟನಡುವೆ ಕೂತಿತು. ಒರೆಸುವ ಕೆಲಸ ಹೆಂಡತಿಗೆ ಒಂದು ಹೆಚ್ಚಾಯಿತು. ಪಟ್ಟಿ ಅವಳ ಕೈಯಲ್ಲೇ ಉಳಿಯಿತು. ಮುಂದಿನ ಸ್ಪರ್ಧೆಗೆ ಈಗಿನಿಂದಲೇ ತಯಾರಿ ಬೇಡವೇ?

ಅದೇ ವಾರ, ಶುಕ್ರವಾರ ಮಧ್ಯಾಹ್ನ ಕಚೇರಿಯ ಡಾಕ್ಟರಿಂದ ಫೋನು ಬಂತು.

"ನಿಮ್ಮ ನಾಡಿ ನೋಡ್ತಾ ಇದೀನಿ. ಮಲಗಿದಾಗ್ಲೂ ಓಡ್ತಿದೆ, ನಡುನಡುವೆ ತಾಳ ತಪ್ತಿದೆ. ಎದೆಯಲ್ಲಿ ಏನಾದ್ರೂ ಆಗ್ತಿದ್ಯಾ?"

ಈಗ ನೀವೋ ನಾನೋ ಆಗಿದ್ದರೆ ಆ ಪಟ್ಟಿ ಯಾರ ಕೈಯಲ್ಲಿದೆ ಎಂದು ನೆನೆಯುತ್ತಿದ್ದೆವು. ಆದರೆ ಮೂರು ತಿಂಗಳಿಂದ ನನ್ನ ನಡಿಗೆ, ನನ್ನ ಶಿಸ್ತು ಎಂದು ಊರಿಗೆಲ್ಲ ಸಾರಿದವನಿಗೆ ನಾಡಿಯೂ ತನ್ನದೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತಕ್ಷಣವೇ ಅವನ ಎದೆಯ ಎಡಗಡೆ ಚುಚ್ಚತೊಡಗಿತು.

"ಆಗ್ತಿದೆ ಡಾಕ್ಟ್ರೇ, ಈಗ್ಲೂ ಆಗ್ತಿದೆ!"

"ಸೋಮವಾರ ಬೆಳಗ್ಗೆ ಬನ್ನಿ, ಎಲ್ಲ ಪರೀಕ್ಷೆ ಮಾಡೋಣ. ಅಲ್ಲಿವರೆಗೂ ಪೂರ್ತಿ ವಿಶ್ರಾಂತಿ. ನೋವು ಜಾಸ್ತಿ ಆದ್ರೆ ಕಾಯಬೇಡಿ, ಆ ಕ್ಷಣವೇ ಬನ್ನಿ. ಪಟ್ಟಿ ಮಾತ್ರ ಬಿಚ್ಚಬೇಡಿ."

"ಬಿಚ್ಚಲ್ಲ," ಎಂದು ದಿಂಬಣ್ಣ ಆಣೆ ಮಾಡಿದ.

ಆ ಎರಡು ದಿನ ಅವನು ಮಂಚ ಬಿಟ್ಟಿಳಿಯಲಿಲ್ಲ. ಹೆಂಡತಿ ಅವನಿಗೆ ಉಪ್ಪಿಲ್ಲದ ಅಡುಗೆ ಬೇರೆ ಮಾಡಿದಳು, ಕಾಲು ಒತ್ತಿದಳು. ಒಳಗೆ ಅತ್ತೆಯ ಲೋಟ, ಹೊರಗೆ ಗಂಡನ ನರಳಾಟ. ಮಂಡಿನೋವಿನ ಅವನ ಅಕ್ಕ ಮೂರು ಮಹಡಿ ಹತ್ತಿಬಂದು, ಎರಡು ಸಲ ಚಹಾ ಕುಡಿದು, ಕಣ್ಣೀರು ಒರೆಸಿಕೊಂಡು ಹೋದಳು. ಹೆಂಡತಿ ತಾನೂ ಅತ್ತಳು, ಆದರೆ ಪಾತ್ರೆ ತೊಳೆಯುತ್ತಾ ಅತ್ತಳು. ಇವರಿಗೇನಾದರೂ ಆದರೆ ಎಂಬ ಭಯದಲ್ಲಿ ಅವಳಿಗೆ ತನ್ನ ಎದೆಯ ನೆನಪು ಬರಲಿಲ್ಲ.

ಸೋಮವಾರ ಅವಳೂ ಹೊರಟಿದ್ದಳು. ಅಷ್ಟರಲ್ಲಿ ಅತ್ತೆ ಹಾಸಿಗೆ ಒದ್ದೆ ಮಾಡಿದ್ದರಿಂದ ಉಳಿದಳು. ದಿಂಬಣ್ಣ ಟ್ಯಾಕ್ಸಿಯಲ್ಲಿ ಒಬ್ಬನೇ ಹೋದ. ಎದೆಗೆ ವೈರು ಅಂಟಿಸಿದರು, ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಡಾಕ್ಟರು ಚೀಟಿಗಳನ್ನು ತಿರುವಿ ತಿರುವಿ ನೋಡಿದರು.

"ಹೊಟ್ಟೆ ಕರಗಿಸಬೇಕು, ಕೊಬ್ಬು ಜಾಸ್ತಿ ಇದೆ. ಆದ್ರೆ ಹೃದಯ ಸರಿಯಾಗಿದೆ. ಪಟ್ಟಿನೇ ಕೆಟ್ಟಿದ್ಯೋ ಏನೋ. ಎಲ್ಲಿ, ಕಾಲಿಗೆ ಕಟ್ಕೊಂಡಿದೀರಂತಲ್ಲ, ತೋರಿಸಿ."

ದಿಂಬಣ್ಣ ಉತ್ಸಾಹದಿಂದ ಕಾಲುಚೀಲ ಕೆಳಗೆಳೆದ. ಬೋಳುಕಾಲು. ಅದನ್ನು ಅವನೂ ಮೊದಲ ಸಲ ನೋಡುವವನಂತೆ ನೋಡಿದ. ನಿಧಾನವಾಗಿ, ತೀರಾ ನಿಧಾನವಾಗಿ, ಅವನ ಮುಖ ಬಿಳಿಚಿತು.

"ಪಟ್ಟಿ... ಮನೇಲಿ ಮರೆತು ಬಂದೆ ಸಾರ್."

ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. "ಮರೆತು ಬಂದ ಪಟ್ಟಿ ಹೆಜ್ಜೆ ಇಡುತ್ತೇನ್ರೀ? ನೋಡಿ, ಈ ಕ್ಷಣ ಯಾರೋ ಮೆಟ್ಟಿಲು ಹತ್ತುತ್ತಿದಾರೆ. ನಾಡಿ ನೋಡಿ ಇಲ್ಲಿ. ಯಾರದು ಇದು?"

ಪರದೆಯ ಮೇಲೆ ಹಸಿರು ಗೆರೆ ಎಡವಿ ಎಡವಿ ಏರುತ್ತಿತ್ತು. ಒದ್ದೆ ಹಾಸಿಗೆ ಹೊತ್ತು ತಾರಸಿಗೆ ಹೋಗುತ್ತಿದ್ದಾಳೆ ಎಂದು ದಿಂಬಣ್ಣನಿಗೆ ಗೊತ್ತಾಯಿತು. ಆದರೂ ಅವನ ಕಣ್ಣಮುಂದೆ ಮೊದಲು ಬಂದದ್ದು ಕಪಾಟಿನ ಟ್ರೋಫಿ. ಇದನ್ನು ಮುಚ್ಚಿಟ್ಟರೆ ಕತೆ ಹೇಳಿದಂತಾಗುವುದಿಲ್ಲ. ಆಮೇಲೆ ಎರಡನೇ ಮಹಡಿಯ ತಿರುವು ನೆನಪಾಯಿತು, ಬೆವರಿದ ಹಣೆ ನೆನಪಾಯಿತು.

"ನನ್ನ ಹೆಂಡತೀದು," ಎಂದ.

ಡಾಕ್ಟರು ಬೈಯಲಿಲ್ಲ, ಆಂಬುಲೆನ್ಸಿಗೆ ಫೋನು ಮಾಡಿದರು. ಅವಳು ತಾರಸಿಯ ಬಾಗಿಲ ಬಳಿ, ಹಾಸಿಗೆಯ ಮೇಲೇ ತಲೆಯಿಟ್ಟು ಕೂತಿದ್ದಳು. ಗಂಡನನ್ನು ಕಂಡವಳೇ ಕೇಳಿದ್ದು, "ಏನಂದ್ರು ರೀ? ನಿಮ್ಮೆದೆ ಹೇಗಿದ್ಯಂತೆ?"

ಹೃದಯದ ಕವಾಟವೊಂದು ಕಿರಿದಾಗಿತ್ತು. ಬಹಳ ದಿನದಿಂದ ಇದ್ದಿರಬೇಕು, ಯಾರೂ ನೋಡಿಲ್ಲ ಎಂದರು. ಇನ್ನೂ ತಡವಾಗಿದ್ದರೆ ಆ ಮಾತೇ ಬೇಡ ಎಂದರು. ಔಷಧಿ ಕೊಟ್ಟು, ತಿಂಗಳು ಕಳೆದು ಆಪರೇಷನ್ ಮಾಡೋಣ, ಅಲ್ಲಿಯತನಕ ಹಾಸಿಗೆಯಿಂದ ಇಳಿಯಬಾರದು ಎಂದು ಕಟ್ಟುನಿಟ್ಟು ಮಾಡಿ ಮನೆಗೆ ಕಳಿಸಿದರು. ಅತ್ತೆಯನ್ನು ನೋಡಿಕೊಳ್ಳಲು ಒಬ್ಬ ದಾದಿ ಬಂದಳು. ಎರಡನೇ ದಿನಕ್ಕೇ ಸಂಬಳ ಹೆಚ್ಚು ಮಾಡಿ ಎಂದಳು.

ಮರುದಿನ ಅಕ್ಕ ಮತ್ತೆ ಮೂರು ಮಹಡಿ ಹತ್ತಿಬಂದಳು. ಗಂಡನ ಅಕ್ಕನ ಕಾರುಬಾರಿಗೆ ರೋಗ ಅಡ್ಡಿಯೇ? ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಮಲಗಿದವಳ ಕೈ ಸವರುತ್ತಾ ಹೇಳಿದಳು:

"ಬೇಜಾರ್ ಮಾಡ್ಕೋಬೇಡ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ. ದಿನಾ ಮನೇಲೇ ಕೂತಿದ್ರೆ ಇನ್ನೇನಾಗುತ್ತೆ? ಒಂದು ದಿನಾನಾದ್ರೂ ವಾಕಿಂಗು ಅಂತ ಹೋಗಿದ್ದುಂಟಾ? ಮನೇಲೇ ಇದಾನಲ್ಲ ನನ್ನ ತಮ್ಮ, ಅವನ ಹೃದಯಕ್ಕೆ ಏನೂ ಆಗಿಲ್ಲ ಅಂದ್ರಂತೆ ಡಾಕ್ಟ್ರು, ಅವನನ್ನ ನೋಡಿ ಕಲೀಬಾರ್ದಿತ್ತಾ?" ಎಂದು ಕಪಾಟಿನ ಟ್ರೋಫಿಯ ಕಡೆ ಗದ್ದ ಎತ್ತಿದಳು.

ಬಾಗಿಲಲ್ಲಿ ನಿಂತಿದ್ದ ದಿಂಬಣ್ಣ ಬಾಯಿ ತೆರೆದ. ಡಾಕ್ಟರ ಮುಂದೆ ಹೊರಟ ಮಾತು ಅಕ್ಕನ ಮುಂದೆ ಹೊರಡಲಿಲ್ಲ.

ಹೆಂಡತಿ ಅವನನ್ನು ಒಮ್ಮೆ ನೋಡಿದಳು. ಆಮೇಲೆ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡು, "ಹೌದು ಅತ್ತಿಗೆ," ಎಂದಳು. "ಇವರು ನಡೆದ ನಡಿಗೆಗೆ ನನಗೇ ಸುಸ್ತಾಗಿಹೋಯ್ತು."

ಅಕ್ಕ ಏನೂ ಅರ್ಥವಾಗದೆ ನಕ್ಕಳು. ದಿಂಬಣ್ಣ ನಗಲಿಲ್ಲ. ಇಬ್ಬರಿಗೂ ಚಹಾ ಮಾಡುತ್ತೇನೆ ಎಂದು ಗೊಣಗಿ ಅಡುಗೆಮನೆಗೆ ಹೋದ. ಸಕ್ಕರೆ ಎಲ್ಲಿದೆ ಎಂದು ಕೂಗಿ ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಕಪಾಟಿನಲ್ಲಿ ಸಾಲಾಗಿ ಡಬ್ಬಿಗಳಿದ್ದವು, ಎಲ್ಲವೂ ಒಂದೇ ತರಹ. ಒಂದೊಂದನ್ನೇ ಇಳಿಸಿ, ಮುಚ್ಚಳ ತೆಗೆದು, ಚಿಟಿಕೆ ಚಿಟಿಕೆ ನಾಲಿಗೆಗೆ ಹಾಕಿಕೊಂಡು ನೋಡತೊಡಗಿದ.