ಉಪ್ಪಿನ ಡಬ್ಬಿ ಮೇಜಿನ ಮೇಲಿರಲಿ

ನಮ್ಮಕ್ಕ ಹೋಟೆಲಿನಲ್ಲಿ ಸಪ್ಲೈಯರ್, ನಾನು ಅದರ ಹಿಂದುಗಡೆ ಪಾತ್ರೆ ತೊಳೆಯುವವಳು. ಗಿರಾಕಿಗಳ ಮಾತಿನ ನಡುವೆ ಬಾಯಿ ಹಾಕದೆ, ಸದ್ದಾಗದಂತೆ ತಟ್ಟೆ ಇಟ್ಟು ಅವಳು ಹಿಂದೆ ಸರಿಯುತ್ತಿದ್ದಳು. 'ತಿನ್ನೋರ ಬಾಯಿ ನೋಡ್ತಾ ನಿಲ್ಲಬಾರದು ಕಣೇ' ಎನ್ನುತ್ತಿದ್ದಳು. ಇಷ್ಟು ನಯದ ಹೆಂಗಸಿಗೆ ಜಗಳಗಂಟಿ ಎಂಬ ಹೆಸರು ಬಂದದ್ದು ಉಪ್ಪಿನಿಂದ.

ಹೊಸ ಅಡುಗೆಯವನು ಬಂದ. ಮಾಲೀಕರ ಭಾವಮೈದ ಬೇರೆ, ಕೇಳಬೇಕೆ? ಬಂದವನೇ ಎಲ್ಲ ಮೇಜುಗಳಿಂದ ಉಪ್ಪು, ಮೆಣಸಿನಪುಡಿಯ ಡಬ್ಬಿ ಎತ್ತಿಸಿದ. ತನ್ನ ಅಡುಗೆಗೆ ಇನ್ನೊಬ್ಬರು ಉಪ್ಪು ಹಾಕಿಕೊಂಡರೆ ಇವನಿಗೆ ಅವಮಾನವಂತೆ. ಯಾರಾದರೂ ಉಪ್ಪು ಕೇಳಿದರೆ ಅವರ ತಟ್ಟೆಯನ್ನೇ ಒಳಗೆ ತರಬೇಕು. ಇವನು ಚಮಚ ಅದ್ದಿ ರುಚಿ ನೋಡಿ, ಬೇಕೋ ಬೇಡವೋ ತೀರ್ಪು ಕೊಡುತ್ತಾನೆ. ಒಮ್ಮೆಯೂ 'ಬೇಕು' ಎಂದವನಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಕ್ಕ ಹಲ್ಲು ಕಚ್ಚಿಕೊಂಡು ತಟ್ಟೆ ಹೊತ್ತಳು. ಒಂದು ಮಧ್ಯಾಹ್ನ ಮುದುಕಿಯೊಬ್ಬಳು ತಟ್ಟೆಗೆ ಕೈ ಅಡ್ಡ ಹಿಡಿದಳು. 'ನನ್ನ ಎಂಜಲು ಯಾಕೆ ತಾಯಿ ಒಳಗೆ ಒಯ್ತೀಯಾ? ಬಿಡು, ಸಪ್ಪೆಯೇ ತಿಂತೀನಿ.' ಅಕ್ಕ ನೆಟ್ಟಗೆ ಅಡುಗೆಮನೆಗೆ ಹೋಗಿ, ಅವನ ಕಣ್ಣೆದುರೇ ಉಪ್ಪಿನ ಡಬ್ಬಿ ತಂದು ಅಜ್ಜಿಯ ಮುಂದಿಟ್ಟಳು.

ಮಾಲೀಕರು ಕರೆಸಿದರು. 'ನಮ್ಮ ಅನ್ನ ತಿಂದು ನಮಗೇ ತಿರುಗಿ ಬೀಳ್ತೀಯಾ? ಅವನ ಹತ್ರ ತಪ್ಪಾಯ್ತು ಅನ್ನು, ಇಲ್ಲಾಂದ್ರೆ ಕೆಲಸ ಬಿಡು.'

ನಮ್ಮ ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅಕ್ಕನ ದುಡಿಮೆಯಿಂದಲೇ. ನಾನು ಒದ್ದೆ ಕೈಯಲ್ಲೇ ಓಡಿಬಂದೆ. 'ಅಂದ್ಬಿಡೇ ಅಕ್ಕಾ, ಒಂದು ಮಾತು ತಾನೇ?' ಎಂದೆ.

'ಆ ಅಜ್ಜಿ ನಾಲಿಗೆ ಇವನದ್ದೇನೇ?' ಎಂದಳು.

ಏಪ್ರನ್ ಬಿಚ್ಚಿ, ಮಡಿಸಿ, ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. ಹೋಗಿ ಕಿಟಕಿ ಬದಿಯ ಮೇಜಿನಲ್ಲಿ ಕುಳಿತಳು. 'ಒಂದು ಸೂಪು. ಜೊತೆಗೆ ಉಪ್ಪು.'

ಸೂಪು ಬಂತು, ಉಪ್ಪು ಬರಲಿಲ್ಲ. ಅವಳು ಚಮಚ ಮುಟ್ಟಲಿಲ್ಲ. 'ಈಗ ನಾನೂ ಗಿರಾಕಿ. ಬಟ್ಟಲು ಒಳಗೆ ಹೋಗಲ್ಲ, ಉಪ್ಪು ಹೊರಗೆ ಬರಲಿ.' ಪಕ್ಕದ ಮೇಜಿನವರು 'ನಮಗೂ ತನ್ನಿ' ಎಂದರು. ಆಚೆಯವರು ತಿನ್ನುವುದನ್ನು ನಿಲ್ಲಿಸಿ ಕೈಕಟ್ಟಿ ಕುಳಿತರು. ಅಡುಗೆಯವನು ಬಾಗಿಲಿಗೆ ಅಡ್ಡ ನಿಂತಿದ್ದ. ಕೊನೆಗೆ ಮಾಲೀಕರೇ ಅವನನ್ನು ಪಕ್ಕಕ್ಕೆ ಸರಿಸಿ, ಡಬ್ಬಿ ತಂದು ಅವಳ ಮುಂದಿಟ್ಟರು. ನನಗೆ ಆಗ ಆದ ಖುಷಿಯನ್ನು ಮುಚ್ಚಿಡುವುದಿಲ್ಲ.

ಅಕ್ಕ ಒಂದು ಚಮಚ ಸೂಪು ಬಾಯಿಗಿಟ್ಟಳು. ನಿಧಾನವಾಗಿ ರುಚಿ ನೋಡಿದಳು. ಡಬ್ಬಿಗೆ ಕೈ ಹಾಕಲಿಲ್ಲ.

'ಉಪ್ಪು ಸರಿಯಾಗೇ ಇದೆ' ಎಂದಳು.

'ಮತ್ತೆ ಈ ರಂಪ ಯಾಕೆ ಮಾಡ್ದೆ?' ಮಾಲೀಕರು ಹಣೆ ಒರೆಸಿಕೊಂಡರು.

'ಬೇಡ ಅನ್ನೋದನ್ನೂ ತಿನ್ನೋರೇ ಹೇಳ್ಬೇಕು ಸ್ವಾಮಿ.'

ಬಟ್ಟಲು ಖಾಲಿ ಮಾಡಿ, ಡಬ್ಬಿಯನ್ನು ಪಕ್ಕದ ಮೇಜಿಗೆ ದಾಟಿಸಿ ಎದ್ದುಹೋದಳು. ಕೆಲಸ ಹೋಯಿತು. ತಪ್ಪಾಯ್ತು ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ.