ದಿಬ್ಬಣದ ಮಂಟಪದ ನಾಲ್ಕನೆಯ ಕಂಬ

ಬೆಳಿಗ್ಗೆ ಪಕ್ಕದ ಮನೆಯವರು ಕಾಂಪೌಂಡಿಗೆ ಸುಣ್ಣ ಹೊಡೆಸುತ್ತಿದ್ದರು. ಬಣ್ಣದ ಡಬ್ಬಿಗಳ ಈ ಕಾಲದಲ್ಲಿ ನಮ್ಮ ಕಡೂರಿನಲ್ಲಿಯೂ ಹಸಿ ಸುಣ್ಣದ ವಾಸನೆ ಅಪರೂಪವೇ. ಅದು ಮೂಗಿಗೆ ತಾಗಿದೊಡನೆ ಎಲ್ಲರಿಗೂ ಹಬ್ಬ ನೆನಪಾಗುತ್ತದಂತೆ. ನನಗೆ, ಓದುಗರೇ, ಅಜ್ಜಂಪುರದ ಕಡೆಯ ಒಂದು ಹಳ್ಳಿಯೂ ಅಲ್ಲಿ ಕೆರೆಯ ಪಕ್ಕದಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಒಂದು ಕಲ್ಲುಮಂಟಪವೂ ನೆನಪಾಗುತ್ತವೆ.

ಮೇಷ್ಟರ ಕೆಲಸವನ್ನು ಅವಧಿಗೆ ಮುಂಚೆಯೇ ಬಿಟ್ಟ ಮೇಲೆ ನನ್ನ ಕೈಯಲ್ಲಿ ಕೆಂಪು ಪೆನ್ನಿನ ಜಾಗಕ್ಕೆ ಕ್ಯಾಮೆರಾ ಬಂದಿತು. ಭಾನುವಾರಗಳಲ್ಲಿ ಬಸ್ಸು ಹತ್ತಿ ಹಳೆಯ ಗುಡಿ, ಬುರುಜು, ಮಂಟಪಗಳ ಚಿತ್ರ ತೆಗೆಯುವುದು ಅಭ್ಯಾಸವಾಯಿತು. ಅದಕ್ಕೂ ವ್ಯಾಕರಣ ಮಾಡಿಕೊಂಡಿದ್ದೆ. ಪೂರ್ವದಿಂದ ಆರಂಭಿಸಿ ಪ್ರದಕ್ಷಿಣವಾಗಿ ಸುತ್ತಬೇಕು; ಫ್ಲಾಷ್ ಬಳಸಕೂಡದು; ಚೌಕಟ್ಟಿನೊಳಗೆ ಮನುಷ್ಯರು ಇರಕೂಡದು. ಕಟ್ಟಡವೇ ಕರ್ತೃಪದವಾಗಿರುವಾಗ ಮುಂದೆ ನಿಂತು ಹಲ್ಲು ಕಿರಿಯುವವರು ಅನಗತ್ಯ ವಿಶೇಷಣಗಳೆಂದು ನನ್ನ ನಂಬಿಕೆ. ಅಮೃತಾಪುರದ ದೇವಾಲಯದೆದುರು ಒಂದು ಪ್ರವಾಸದ ಬಸ್ಸಿನವರೆಲ್ಲ ಹೊರಟುಹೋಗಲೆಂದು ಕಾದು, ಅವರು ಹೋಗುವಷ್ಟರಲ್ಲಿ ಬೆಳಕೂ ಹೋಗಿ, ಬರಿಗೈಯಲ್ಲಿ ತರೀಕೆರೆಗೆ ಮರಳಿದವನು ನಾನು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನನ್ನ ನಿಯಮನಿಷ್ಠೆಯನ್ನು ನಾನೇ ಮೆಚ್ಚಿಕೊಂಡಿದ್ದೆ. ಮೆಚ್ಚಲು ಬೇರೆ ಯಾರೂ ಇರಲಿಲ್ಲ.

ಹೀಗೆ ಚಿತ್ರ ತೆಗೆದ ಮಂಟಪಗಳಲ್ಲಿ ಆ ಹಳ್ಳಿಯದೂ ಒಂದು. ನಾಲ್ಕು ಕಂಬದ ಪುಟ್ಟ ಮಂಟಪ. ಒಂದೊಂದು ಕಂಬದ ನಾಲ್ಕು ಮುಖದಲ್ಲಿಯೂ ಬೇರೆ ಬೇರೆ ಕೆತ್ತನೆ. ಮದುವೆಗೆ ಬರುವ ಗಂಡಿನ ದಿಬ್ಬಣ ಅಲ್ಲಿಯೇ ನಿಲ್ಲಬೇಕು, ಹೆಣ್ಣಿನ ಸೋದರಮಾವ ಅಲ್ಲಿಯೇ ಪಾನಕ ಕೊಟ್ಟು ಎದುರುಗೊಳ್ಳಬೇಕು ಎಂಬುದು ಊರಿನ ಪದ್ಧತಿ.

ಕೆಲವು ತಿಂಗಳ ನಂತರ ಆ ಊರಿನ ಓಂಕಾರಪ್ಪನೆಂಬವರು ನಮ್ಮ ಮನೆಯ ಬಾಗಿಲಿಗೆ ಬಂದರು. ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ.

“ಮೇಷ್ಟ್ರೆ, ಅವತ್ತು ನಮ್ಮನ್ನೆಲ್ಲ ದನ ಅಟ್ಟಿದಂಗೆ ಆಚೆ ಅಟ್ಟಿ ಫೋಟೋ ತೆಗೆದ್ರಲ್ಲ, ಅವು ಇದಾವಾ?”

ಸಂಗತಿ ಇಷ್ಟು. ರಸ್ತೆ ಅಗಲವಾಗಬೇಕಾಗಿತ್ತು. ಹಳೆಯ ಕಲ್ಲುಗಳನ್ನು ರಸ್ತೆಯ ಏರಿಗೆ ತುಂಬಿಸಿ, ಟೈಲ್ಸ್ ಹಾಕಿದ ಹೊಸ ಮಂಟಪ ಕಟ್ಟೋಣವೆಂದು ಊರಿನ ಅರ್ಧ ಜನ ಹೇಳಿದ್ದರು. ಬಿಚ್ಚಿ ಆಚೆ ಬದಿಯಲ್ಲಿ ಇದ್ದಂತೆಯೇ ನಿಲ್ಲಿಸುತ್ತೇನೆಂದು ಓಂಕಾರಪ್ಪ ಪಂಚಾಯಿತಿಯಲ್ಲಿ ಮಾತು ಕೊಟ್ಟಿದ್ದರು. ಬಿಚ್ಚುವಾಗ ಕಲ್ಲಿಗೊಂದು ಅಂಕಿ ಬರೆದಿದ್ದರು, ಸುಣ್ಣದಲ್ಲಿ.

“ಎಣ್ಣೆ ಬಣ್ಣದಲ್ಲಿ ಬರೆಯಬಾರದಿತ್ತೇ?” ಎಂದೆ.

“ಮದ್ವೆ ಮಂಟಪಕ್ಕೆ ಎಣ್ಣೆ ಬಣ್ಣ ಬಳೀತಾರಾ ಅಂದ್ರು ಹಿರೀರು. ಸುಣ್ಣ ಆದ್ರೆ ಶುಭ ಅಂದ್ರು. ಒಂದೇ ಮಳೆ ನೋಡ್ರಿ, ಎಲ್ಲಾ ತೊಳ್ಕೊಂಡು ಹೋಯ್ತು. ಈಗ ಕಂಟ್ರಾಕ್ಟರು, ಈ ವಾರ ನಿಲ್ಲಿಸ್ದಿದ್ರೆ ಜೆಸಿಬಿ ತತ್ತೀನಿ ಅಂತಾನೆ. ಅಕ್ಕನ ಕೊನೇ ಮಗಳ ದಿಬ್ಬಣ ಬೇರೆ ಬತ್ತೈತೆ. ನನ್ನ ಮಾತು ಏನಾಗ್ಬೇಕು?”

ನನ್ನ ಚಿತ್ರಗಳೊಂದಿಗೆ ಹೊರಟೆ. ತಳದ ಕಲ್ಲು, ಮೇಲಿನ ಚಪ್ಪಡಿ, ಸುತ್ತಿನ ಅಂಚು ಇವೆಲ್ಲ ಅವುಗಳಿಂದ ಗೊತ್ತಾದವು. ಆದರೆ ಒಳಗಿನದೆಲ್ಲ ಕತ್ತಲೆ. ಫ್ಲಾಷ್ ಇಲ್ಲದ ನನ್ನ ಶುದ್ಧ ಛಾಯಾಗ್ರಹಣದಲ್ಲಿ ಕಂಬಗಳ ಒಳಮುಖಗಳು ಕಪ್ಪು ಪಟ್ಟಿಗಳಾಗಿದ್ದವು. ಹೊರಮುಖ ನೋಡಿ ಮೂರು ಕಂಬಗಳ ದಿಕ್ಕನ್ನು ಹೇಗೋ ಹೊಂದಿಸಿದೆವು. ನಾನು ಚಿತ್ರ ತೆಗೆದ ದಿನ ನಾಲ್ಕನೆಯದರ ಹೊರಮೈಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಸುತ್ತಿದ್ದರು. ಕನ್ನಡಕ ಹಾಕಿದ ಆ ಯುವ ಮುಖಂಡನ ನಗೆಯ ಹೊರತು ಅಲ್ಲಿ ಏನೂ ಕಾಣಿಸುತ್ತಿರಲಿಲ್ಲ.

ಆಗ ಓಂಕಾರಪ್ಪನವರ ಅಕ್ಕ ಹಾಲಮ್ಮ, “ನಮ್ಮ ಮದ್ವೆ ಫೋಟೋಗಳು ಇದಾವಲ್ಲ!” ಎಂದರು. ಪಾನಕ ಕೊಡುವ ಚಿತ್ರವಿಲ್ಲದ ಆಲ್ಬಮ್ಮೇ ಆ ಊರಿನಲ್ಲಿಲ್ಲ. ಫ್ಲಾಷ್ ಹಾಕದ ಮದುವೆ ಫೋಟೋಗ್ರಾಫರನೂ ಲೋಕದಲ್ಲಿಲ್ಲ. ಮನೆಮನೆಯಿಂದ ಆಲ್ಬಮ್ಮುಗಳು ಬಂದವು. ಮನುಷ್ಯರಿಲ್ಲದ ಚಿತ್ರಗಳ ವ್ರತಧಾರಿಯಾದ ನಾನು ಜಗಲಿಯ ಮೇಲೆ ಹೆಂಗಸರ ನಡುವೆ ಕುಳಿತು, ಮದುಮಕ್ಕಳ ಬಾಸಿಂಗದ ಪಕ್ಕ, ಬೀಗರ ಪೇಟದ ಹಿಂದೆ ಕಲ್ಲನ್ನು ಹುಡುಕಿದೆ. ಮೂರು ಕಂಬಗಳೂ ನಾವು ಹೊಂದಿಸಿದಂತೆಯೇ ಇದ್ದವು. ನಾಲ್ಕನೆಯದರ ಮುಂದೆ ಮಾತ್ರ ಅಲ್ಲಿಯವರೆಗೆ ನೋಡಿದ ಪ್ರತಿ ಚಿತ್ರದಲ್ಲಿಯೂ ಒಬ್ಬರೇ ಒರಗಿ ನಿಂತಿದ್ದರು.

“ಲೇ ಓಂಕಾರಿ,” ಹಾಲಮ್ಮ ಹಣೆ ಚಚ್ಚಿಕೊಂಡರು, “ಊರಿನ ಹೆಣ್ಮಕ್ಕಳಿಗೆಲ್ಲ ನೀನೇ ಸೋದರಮಾವನೇನೋ! ಎಲ್ಲಾ ಮದ್ವೇಲೂ ಅದೇ ಕಂಬಕ್ಕೆ ಒರಗಿದೀಯಲ್ಲೋ. ನಿನ್ನ ಹೊಟ್ಟೆ ಹಿಂದೆ ನಿಜವಾದ ಆನೆ ನಿಂತಿದ್ರೂ ಕಾಣಕಿಲ್ಲ ಕಣೋ!”

“ನಿನ್ನ ಮದ್ವೇದು ನೋಡೇ. ಆಗ ಸಣ್ಣಗಿದ್ದೆ.”

ಹಾಲಮ್ಮನ ಮದುವೆಯ ಚಿತ್ರದಲ್ಲಿ ಅದೇ ಕಂಬಕ್ಕೆ ಅವರ ಸೋದರಮಾವ ಒರಗಿದ್ದರು. ಹೊಟ್ಟೆ ವಂಶಪಾರಂಪರ್ಯವಾದುದು.

ಆ ಕಂಬದ ನಾಲ್ಕು ಮುಖಗಳೆಂದರೆ ಆನೆ, ಹಂಸ, ಬಳ್ಳಿ, ತಾವರೆ; ಇವುಗಳಲ್ಲಿ ಒಳಗೆ ನೋಡುತ್ತಿದ್ದುದು ಯಾವುದು? ಕಂಡಂತೆ ಒಬ್ಬೊಬ್ಬರು ಒಂದೊಂದು ಹೇಳಿದರು. ಕೆಡವಿದ ಮೇಸ್ತ್ರಿ ಅಂಕಿಗಳನ್ನು ನಂಬಿ ಏನನ್ನೂ ನೆನಪಿಟ್ಟುಕೊಂಡಿರಲಿಲ್ಲ. ಕೊನೆಗೆ ಹಾಲಮ್ಮನೇ ತೀರ್ಮಾನಿಸಿದರು: “ಹೊಟ್ಟೆ ಮುಚ್ಚಿದ್ನ ಬೆನ್ನು ಹೇಳ್ಲಿ. ಮಲಗೋ.”

ನೆಲದಲ್ಲಿದ್ದ ಕಂಬದ ಬುಡಕ್ಕೆ ಪಾದ ಸರಿಹೊಂದಿಸಿ ಓಂಕಾರಪ್ಪ ಅದರ ಮೇಲೆಯೇ ಅಂಗಾತ ಮಲಗಿದರು. ಎದ್ದರು, ಜನ ಹಾರೆ ಹಾಕಿ ಕಂಬವನ್ನು ಹೊರಳಿಸಿದರು, ಮತ್ತೆ ಮಲಗಿದರು. “ಮಾವಾ, ಗೊರಕೆ ಹೊಡೀಬೇಡ” ಎಂದು ಯಾರೋ ಕೂಗಿದರು. ರಸ್ತೆಯಲ್ಲಿ ಕಂಟ್ರಾಕ್ಟರನ ಮನುಷ್ಯ ಬೈಕಿನ ಮೇಲೆ ಕುಳಿತು ನೋಡುತ್ತಿದ್ದ. ಹಂಸದ ಮೇಲೆ ಮಲಗಿದವರು ಕಣ್ಣು ಮುಚ್ಚಿ ಬೆನ್ನನ್ನು ಅತ್ತಿತ್ತ ಉಜ್ಜಿದರು. ಆಮೇಲೆ, “ಇದೇ. ಕೊಕ್ಕು ಒತ್ತತೈತೆ. ನಿಲ್ಲಿಸ್ರಿ” ಎಂದರು. ಮಾರನೆಯ ದಿನ ಕಂಬ ನಿಂತಿತು, ಮೇಲೆ ಚಪ್ಪಡಿ ಕೂತಿತು; ಜೆಸಿಬಿ ಬರಲಿಲ್ಲ. ದಿಬ್ಬಣ ಬಂದಿತು.

ಕಳೆದ ವಾರ ತರೀಕೆರೆಗೆ ಹೋಗಿದ್ದವನು ಮರಳುವಾಗ ಆ ಊರಿನಲ್ಲಿ ಇಳಿದೆ. ಓಂಕಾರಪ್ಪ ಮಂಟಪದಲ್ಲಿಯೇ ಕುಳಿತಿದ್ದರು. ಸಕ್ಕರೆ ಕಾಯಿಲೆಯಿಂದ ಈಗ ಅರ್ಧವಾಗಿದ್ದಾರೆ. ಅದೂ ಇದೂ ಮಾತಾಡಿದ ಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು.

“ನಿಜ ಹೇಳ್ಲಾ ಮೇಷ್ಟ್ರೆ? ಅವತ್ತು ನನಗೇನೂ ತಿಳೀಲಿಲ್ಲ. ನಾಲ್ಕೂ ಒಂದೇ ಥರ ಒತ್ತಿದ್ವು. ಆ ಬೈಕಿನವ್ನು ನೋಡ್ತಾ ಕೂತಿದ್ದ. ಯಾರಾದ್ರೂ ಒಬ್ರು ಇದೇ ಅಂತ ಅನ್ಬೇಕಿತ್ತಲ್ಲ, ಅಂದ್ಬಿಟ್ಟೆ. ತಪ್ಪಾಗಿದ್ರೆ ನಿಮ್ಮ ಕಣ್ಣಿಗೆ ಕಾಣ್ತಿರ್ಬೇಕು, ಹೇಳ್ರಿ.”

ನಾನು ಎದ್ದು ಕಂಬವನ್ನು ಸುತ್ತಿ ಬಂದೆ. ನನಗೂ ಏನೂ ತಿಳಿಯಲಿಲ್ಲ. ಒಳಗೆ ಬಂದು ಬೆನ್ನು ಕೊಟ್ಟು ನಿಂತೆ. ತಂಪಾಗಿತ್ತು; ಹೆಗಲಿನ ಕೆಳಗೆ ಹಂಸದ ಕೊಕ್ಕು ತಾಗುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಸರಿಯಾಗಿದೆ” ಎಂದೆ.