ಮುನಿಯಣ್ಣ ಎಣಿಸದ ಕೊಂಬೆಗಳು

ನಾನು ಹೊನ್ನೂರಿನ ಮೂರ್ತಿ. ಬಿಳಿಗಿರಿ ಬೆಟ್ಟದ ಕಾಡಿನೊಳಗಿರುವ ಒಂದು ಸಂಶೋಧನಾ ಕೇಂದ್ರದಲ್ಲಿ ಜೀಪು ಓಡಿಸುತ್ತೇನೆ. ಅಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕು ಹತ್ತಬೇಕು. ದಾರಿಯಲ್ಲಿ ಆನೆ ನಿಂತರೆ ತರಕಾರಿ ಬರುವುದಿಲ್ಲ, ಅಂದು ಹುರುಳಿ ಸಾರೇ ಗತಿ. ಡಾಕ್ಟರೇಟು ಮಾಡುವವರು ಎಷ್ಟೋ ಜನ ಬಂದರು, ಹೋದರು. ನನ್ನನ್ನು ಕೇಳಿದರೆ ಅಲ್ಲಿರುವ ನಿಜವಾದ ವಿದ್ವಾಂಸ ಒಬ್ಬನೇ, ಸೋಲಿಗರ ಮುನಿಯಣ್ಣ. ಓದಿದ್ದು ಎರಡನೇ ಕ್ಲಾಸು.

ಬೆಳಿಗ್ಗೆ ಆರಕ್ಕೆ ಮಳೆ ಅಳೆಯುವ ಡಬ್ಬಿ ನೋಡುವುದರಿಂದ ಅವನ ದಿನ ಶುರು. ಆಮೇಲೆ ನಂಬರ್ ತಗಡು ಹೊಡೆದ ಮರಗಳ ಸುತ್ತಾಟ. ಚಳಿಗಾಲದಲ್ಲಿ, ಕೀಳುವ ಮುಂಚೆ, ನೆಲ್ಲಿಕಾಯಿ ಎಣಿಕೆ. ದುರ್ಬೀನು ಹಿಡಿದ ಹುಡುಗರು ಕತ್ತು ನೋವೆಂದು ಕೂತುಬಿಡುತ್ತಾರೆ. ಇವನು ಬುಡದಲ್ಲಿ ನಿಂತು ಲೆಕ್ಕ ಹೇಳುತ್ತಾನೆ, ಅವರು ಬರೆದುಕೊಳ್ಳುತ್ತಾರೆ. ಒಮ್ಮೆ ಹಟಕ್ಕೆ ಬಿದ್ದು ಒಂದು ಕೊಂಬೆಯ ಕಾಯನ್ನೆಲ್ಲ ಕಿತ್ತು ನಾನೇ ಎಣಿಸಿದೆ. ಅವನು ಹೇಳಿದ್ದಕ್ಕಿಂತ ಎರಡು ಕಡಿಮೆ! ಗೆದ್ದೆ ಅಂದುಕೊಂಡೆ.

"ಎರಡು ನಿನ್ ಜೇಬಲ್ಲೇ ಅವೆ ಕಣ್ಲಾ ಮೂರ್ತಿ" ಅಂದ. ಮಾನ ಹೋಯಿತು.

ಕಳೆದ ವರ್ಷ, ಏಳು ವರ್ಷದ ಎಣಿಕೆಯನ್ನು ಕೂಡಿಸಿ ವರದಿ ಬರೆಯಲು ಪವಿತ್ರ ಮೇಡಂ ಬಂದರು. ಕೂಡಿಸುತ್ತ ಕೂಡಿಸುತ್ತ ಅವರ ಮುಖ ಬಾಡಿತು. ವರ್ಷದಿಂದ ವರ್ಷಕ್ಕೆ ಕಾಯಿ ಇಳಿದಿತ್ತು.

"ಮರ ಸೊರಗ್ತಾ ಇದೆ ಅಂತ ಬರೀಬೇಕಾಗುತ್ತೆ ಮುನಿಯಣ್ಣ. ಬರೆದ್ರೆ ನಿಮ್ಮೋರು ಕಾಯಿ ಕೀಳೋದಕ್ಕೆ ತಡೆ ಬೀಳುತ್ತೆ."

ಪೋಡೆಂದರೆ ಸೋಲಿಗರ ಹಳ್ಳಿ. ಅವನ ಪೋಡಿನ ಎಪ್ಪತ್ತು ಮನೆಗಳಿಗೆ ಚಳಿಗಾಲದ ದುಡಿಮೆಯೆಂದರೆ ಆ ನೆಲ್ಲಿಕಾಯಿಯೇ.

ಮಾರನೆಯ ದಿನ ಆ ವರ್ಷದ ಎಣಿಕೆಗೆ ಹೋದೆವು. ಮೊದಲ ಮರ ನೋಡಿ ಅವನು "ಒಂಬೈನೂರ ಹತ್ತು" ಅಂದ. ನನ್ನ ಬಾಯಿಗೆ ಬೀಗ ಎಲ್ಲಿದೆ?

"ಅಲ್ಲ ಕಣಣ್ಣೋ, ಮೂಡ್ಲ ಕಡೆ ಮೂರು ಕೊಂಬೆ ಕಾಯಿ ತುಂಬ್ಕಂಡು ಜೋತಾಡ್ತವೆ. ಅವ್ನ ಎಣಿಸ್ನೇ ಇಲ್ವಲ್ಲ!"

"ಅವು ನಮ್ದಲ್ಲ ಕಣಪ್ಪ. ಜಿಂಕೆ, ಕಡವೆ, ಅಕ್ಕಿಪಕ್ಕಿಗೆ ಬುಟ್ಟಿರೋದು. ಮುಂಚೆ ಒಂದೇ ಕೊಂಬೆ ಬುಡ್ತಿದ್ವಿ. ಲಾಂಟಾನ ಕಳೆ ಅಬ್ಬಿ ಉಲ್ಲೆಲ್ಲ ಸತ್ತೋಯ್ತು, ಅವು ಏನ್ ತಿಂದಾವು? ಅದ್ಕೇ ಎರಡು ಮಾಡುದ್ವಿ. ಈಗ ಮೂರು."

ಪವಿತ್ರ ಮೇಡಂ ಪೆನ್ನು ಕೆಳಗಿಟ್ಟರು. "ಅದನ್ನೂ ಎಣಿಸಬೇಕಿತ್ತಲ್ಲ ಮುನಿಯಣ್ಣ!"

"ಬ್ಯಾರೇರ ತಟ್ಟೇಲಿರೋ ತುತ್ತ ಎಣಿಸ್ಬೋದಾ ಮೇಡಂ? ದೃಷ್ಟಿ ಆಗಲ್ವಾ?"

ಅಯ್ಯೋ ಶಿವನೇ! ಮೇಡಂ ನಕ್ಕರು, ಹಾಗೇ ಕಣ್ಣೂ ಒರೆಸಿಕೊಂಡರು. "ಮರ ಸೊರಗಿಲ್ಲ, ನೀವು ಬಿಟ್ಟುಕೊಡೋದು ಜಾಸ್ತಿ ಆಗಿದೆ ಅಷ್ಟೇ. ಆದ್ರೆ ಎಣಿಸದೆ ಇದ್ದರೆ ನಾನು ಹಾಗೆ ಬರೆಯೋಕಾಗಲ್ಲ" ಎಂದರು.

ಎಣಿಸಿದರೆ ಇನ್ನೊಬ್ಬರ ಊಟಕ್ಕೆ ಕಣ್ಣು ಹಾಕಿದಂತೆ. ಎಣಿಸದಿದ್ದರೆ ಎಪ್ಪತ್ತು ಮನೆಯ ಅನ್ನಕ್ಕೆ ಕಲ್ಲು. ಮುನಿಯಣ್ಣ ಚಪ್ಪಲಿ ಬಿಟ್ಟು, ಮರದ ಬುಡ ಮುಟ್ಟಿ, "ತಪ್ಪಾಯ್ತು, ಒಟ್ಟೆಪಾಡು" ಎಂದು ಹೇಳಿ, ಆ ಮೂರು ಕೊಂಬೆಗಳತ್ತ ಕಣ್ಣೆತ್ತಿದ. ನೂರ ನಲವತ್ತು ಮರ, ಒಂಬತ್ತು ದಿನ. ಪ್ರತಿ ಮರಕ್ಕೂ ಚಪ್ಪಲಿ ಬಿಟ್ಟ, ಪ್ರತಿ ಮರಕ್ಕೂ ತಪ್ಪಾಯ್ತು ಅಂದ. ದೊಡ್ಡ ದೊಡ್ಡ ಓದಿನವರಲ್ಲೂ ಇಷ್ಟು ನಿಯತ್ತು ನಾನು ಕಂಡಿಲ್ಲ.

ಆ ಕೊಂಬೆಗಳನ್ನೂ ಕೂಡಿಸಿದರೆ ಕಾಯಿ ಇಳಿದೇ ಇರಲಿಲ್ಲ. ಮರಗಳು ಚೆನ್ನಾಗಿವೆ ಎಂದೇ ವರದಿ ಹೋಯಿತು. ತಡೆ ಬೀಳಲಿಲ್ಲ. ಕೀಳುವ ದಿನ ಪೋಡಿಗೆ ಪೋಡೇ ಚೀಲ ಹಿಡಿದು ಹೊರಟಿತು. ಮುನಿಯಣ್ಣ ಮಾತ್ರ ಜಗಲಿಯ ಮೇಲೆ ಕೂತಿದ್ದ. ನನಗೆ ರೇಗಿತು.

"ನಿಂಗೇನ್ ಬಂತಣ್ಣ ರೋಗ? ಊರಿಗೆಲ್ಲ ಕಾಯಿ ಉಳಿಸ್ಕೊಟ್ಟು ನೀನಿಲ್ಲಿ ಕುಂತಿದ್ದೀಯಲ್ಲ!"

"ಜಿಂಕೆ, ಕಡವೆ ತಟ್ಟೆ ನೋಡ್ಬುಟ್ಟೆ ಕಣ್ಲಾ. ಈ ವರ್ಸ ನನ್ ಪಾಲೂ ಅವುಕ್ಕೇಯ."

"ಬೊಮ್ಮಕ್ಕ ಸುಮ್ನೆ ಬುಟ್ಟಳಾ? ಬಯ್ನಿಲ್ವಾ?"

ಒಳಗೆ ಒಲೆ ಊದುತ್ತಿದ್ದ ಹೆಂಡತಿ ಬೊಮ್ಮಕ್ಕನ ಕಡೆ ತಿರುಗಿ ನೋಡಿ, ಮುನಿಯಣ್ಣ ತಗ್ಗಿದ ದನಿಯಲ್ಲಿ ಅಂದ:

"ನಾನು ಅರ್ಧ ಪಾಲು ಬುಡನ ಅಂದಿದ್ದೆ. ಪೂರ್ತಿ ಬುಡು ಅಂದೋಳು ಅವ್ಳೇಯ."